ಬಳ್ಳಾರಿಯ ಈಜುಕೊಳವೊಂದರ ವಯಸ್ಕರ ತರಬೇತಿ: ಓಟಗಾರನೊಬ್ಬನ ಎರಡು ತಿಂಗಳ ಲೆಕ್ಕ

ಬಳ್ಳಾರಿಯ ರಸ್ತೆಗಳಲ್ಲಿ ಹತ್ತು ವರ್ಷಗಳಿಂದ ಓಡುತ್ತಿರುವ ನಾನು ಈ ವರ್ಷ ಮಾರ್ಚ್ ಮೊದಲ ವಾರದಲ್ಲಿ ನಗರದ ಖಾಸಗಿ ಈಜುಕೊಳವೊಂದರ ವಯಸ್ಕರ ತರಬೇತಿಗೆ ಸೇರಿಕೊಂಡೆ. ಏಪ್ರಿಲ್ ಕೊನೆಯವರೆಗೆ ವಾರಕ್ಕೆ ಐದು ದಿನ, ಬೆಳಿಗ್ಗೆ ಐದೂವರೆಯಿಂದ ಆರೂವರೆಯವರೆಗೆ ಅಲ್ಲಿ ಕಲಿತೆ. ಊರಿನಲ್ಲಿರುವ ಈಜುಕೊಳಗಳು ಬೆರಳೆಣಿಕೆಯಷ್ಟು. ನನ್ನ ದೂರುಗಳು ಅಲ್ಲಿ ದುಡಿಯುವವರ ಹೊಟ್ಟೆಪಾಡಿಗೆ ತಾಗಬಾರದೆಂಬ ಕಾರಣಕ್ಕೆ ಹೆಸರು ಬರೆಯುತ್ತಿಲ್ಲ. ನನ್ನಂತೆ ಓಟದಿಂದ ಟ್ರಯಥ್ಲಾನ್ (ಈಜು, ಸೈಕಲ್, ಓಟ ಮೂರನ್ನೂ ಒಂದರ ಬೆನ್ನಿಗೊಂದು ಮುಗಿಸುವ ಸ್ಪರ್ಧೆ) ಕಡೆಗೆ ಹೊರಳಲು ಯೋಚಿಸುತ್ತಿರುವವರಿಗೆ ಹೆಸರಿಗಿಂತ ಹೆಚ್ಚಾಗಿ ಬೇಕಾದದ್ದು, ಇಂಥ ತರಬೇತಿಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬ ವಿವರ.

ನಾನು ಗುರಿ ಇಟ್ಟುಕೊಂಡಿರುವುದು ಸ್ಪ್ರಿಂಟ್ ಎಂದು ಕರೆಯುವ ಚಿಕ್ಕ ದೂರವನ್ನು: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಒಲಿಂಪಿಕ್ ದೂರ ಇದರ ಎರಡು ಪಟ್ಟು. ದಣಿದ ದೇಹ ನೀರಿಗಿಳಿಯುವುದು ಅಪಾಯವಾದ್ದರಿಂದ ಈಜು ಮೊದಲು ಬರುತ್ತದೆ, ಓಟ ಕೊನೆಗೆ. 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಮಿಷನ್ ಬೇಯಲ್ಲಿ ನಡೆದ ಮೊದಲ ಸ್ಪರ್ಧೆ ಓಟದಿಂದಲೇ ಆರಂಭವಾಗಿತ್ತು ಎಂದು ಓದಿದಾಗ, ಆ ಕ್ರಮವನ್ನೇ ಉಳಿಸಿಕೊಂಡಿದ್ದರೆ ನನ್ನಂಥವರಿಗೆ ಎಷ್ಟು ಅನುಕೂಲವಾಗುತ್ತಿತ್ತು ಎಂದು ಅನ್ನಿಸಿದ್ದುಂಟು. ಈಗಿನ ಕ್ರಮದಲ್ಲಿ ಈಜು ಬಾರದ ಓಟಗಾರನಿಗೆ ತನ್ನ ಓಟವನ್ನು ತೋರಿಸುವ ಅವಕಾಶವೇ ಸಿಗುವುದಿಲ್ಲ. ನನಗೆ ಈಜು ಬರುತ್ತಿರಲಿಲ್ಲ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಅಪ್ಪ ಈಜು ಕಲಿತ ಬಾವಿ ನಾನು ಹುಟ್ಟುವ ಹೊತ್ತಿಗೆ ಬತ್ತಿಹೋಗಿತ್ತು.

ತರಬೇತಿಯ ಶುಲ್ಕ ತಿಂಗಳಿಗೆ ಎರಡು ಸಾವಿರ ರೂಪಾಯಿ, ಸೇರುವಾಗ ಒಮ್ಮೆ ಐನೂರು. ನೈಲಾನ್ ಈಜುಡುಗೆ, ಟೋಪಿ, ಗಾಗಲ್ಸ್ ನಾವೇ ತರಬೇಕು. ದೇಶಕ್ಕೆಲ್ಲ ಜೀನ್ಸ್ ಹೊಲಿದು ಕಳಿಸುವ ಊರಿನಲ್ಲಿ ಅಳತೆಗೆ ಸರಿಹೋಗುವ ಒಂದು ಈಜುಡುಗೆಗಾಗಿ ನಾನು ಮೂರು ಅಂಗಡಿ ತಿರುಗಬೇಕಾಯಿತು.

ಮೊದಲ ದಿನದ ಅನುಭವವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ತರಬೇತಿಯ ನಿಜವಾದ ಬೆಲೆ ತಿಳಿದದ್ದು ಅಲ್ಲಿಯೇ. 21 ಕಿ.ಮೀ. ದೂರವನ್ನು ಎರಡು ಗಂಟೆಯೊಳಗೆ ಓಡಬಲ್ಲವನಿಗೆ ಇಷ್ಟುದ್ದದ ಕೊಳ ಯಾವ ಲೆಕ್ಕ ಎಂಬ ಭಾವನೆಯಿಂದ ಇಳಿದ ನಾನು, ಹತ್ತು ಮೀಟರ್ ದಾಟುವಷ್ಟರಲ್ಲಿ ಏದುಸಿರು ಬಿಡುತ್ತಾ ಅಂಚಿನ ಕಂಬಿ ಹಿಡಿದು ನಿಂತಿದ್ದೆ. ಇನ್ನಷ್ಟು ಬಲ ಹಾಕಿದರೆ ದಾರಿಯಾದೀತು ಎಂದು ಮತ್ತೆ ಹೊರಟರೆ ಇನ್ನೂ ಬೇಗ ನಿಂತೆ. ಇಪ್ಪತ್ತೈದರ ಆಸುಪಾಸಿನ ನಮ್ಮ ತರಬೇತುದಾರ ದಡದ ಮೇಲೆ ಕುಳಿತು ಇದನ್ನು ನಾಲ್ಕು ಸಲ ನೋಡಿದ ಮೇಲೆ, "ಅಣ್ಣಾ, ಉಸಿರು ತಗೊಳ್ಳಾದು ನಿಮಗ ಬರ್ತೈತಿ, ಬಿಡಾದು ಬರಲ್ಲ" ಎಂದರು.

ಅವರ ಮಾತು ಅಕ್ಷರಶಃ ನಿಜವಾಗಿತ್ತು. ಓಡುವಾಗ ಉಸಿರು ಬಿಡುವುದು ತಾನಾಗಿ ನಡೆಯುವ ಕೆಲಸ. ಮುಖ ನೀರಿನಲ್ಲಿದ್ದಾಗ ಭಯದಿಂದ ನಾವು ಅದನ್ನು ಹಿಡಿದಿಡುತ್ತೇವೆ, ಮುಖ ಮೇಲೆತ್ತಿದ ಅರೆಗಳಿಗೆಯಲ್ಲಿ ಬಿಡುವುದನ್ನೂ ತೆಗೆದುಕೊಳ್ಳುವುದನ್ನೂ ಒಟ್ಟಿಗೆ ಮಾಡಲು ಹೋಗುತ್ತೇವೆ, ಎರಡೂ ಅರ್ಧಕ್ಕೆ ನಿಲ್ಲುತ್ತವೆ. ಉಸಿರು ಕಟ್ಟಿದಂತಾಗುವುದಕ್ಕೆ ಮುಖ್ಯ ಕಾರಣ ಆಮ್ಲಜನಕ ಮುಗಿದದ್ದಲ್ಲ, ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದದ್ದು. ಮುಂದಿನ ನಾಲ್ಕು ದಿನ ಅವರು ನನಗೆ ಈಜಲು ಬಿಡಲೇ ಇಲ್ಲ. ಎದೆಮಟ್ಟದ ನೀರಿನಲ್ಲಿ ಕಂಬಿ ಹಿಡಿದು, ಮುಖ ಮುಳುಗಿಸಿ, "ಹ್ಞೂಂ" ಎಂದು ದೀರ್ಘವಾಗಿ ಗುನುಗುತ್ತಾ ಗುಳ್ಳೆ ಬಿಡುವುದು, ಮುಖವನ್ನು ಪಕ್ಕಕ್ಕೆ ಹೊರಳಿಸಿ ಉಸಿರು ತೆಗೆದುಕೊಳ್ಳುವುದು, ಇಷ್ಟೇ ಪಾಠ. ನಲವತ್ತು ದಾಟಿದವನು ಎಮ್ಮೆಯಂತೆ ನೀರಿನಲ್ಲಿ ನಿಂತು ಗುನುಗುವುದು ನೋಡುವವರಿಗೆ ತಮಾಷೆಯಾಗಿ ಕಂಡಿರಬಹುದು. ಐದನೆಯ ದಿನ ಒಂದು ಬದಿಯಿಂದ ಇನ್ನೊಂದು ಬದಿಗೆ ನಿಲ್ಲದೆ ಹೋದೆ.

ಎರಡನೆಯ ಸಮಸ್ಯೆ ಕಾಲುಗಳದ್ದು. ಕಿಕ್‌ಬೋರ್ಡ್ ಎಂಬ ತೇಲುವ ಹಲಗೆ ಹಿಡಿದು ಕೇವಲ ಕಾಲು ಬಡಿದು ಮುಂದೆ ಸಾಗುವ ಅಭ್ಯಾಸದಲ್ಲಿ ನಾನು ಇದ್ದಲ್ಲಿಯೇ ಇರುತ್ತಿದ್ದೆ, ಪಕ್ಕದ ಸಾಲಿನ ಪುಟ್ಟ ಹುಡುಗಿ ಅಷ್ಟರಲ್ಲಿ ಎರಡು ಸಲ ಹೋಗಿ ಬರುತ್ತಿದ್ದಳು. ವರ್ಷಗಟ್ಟಲೆ ಓಡಿದವರ ಪಾದದ ಕೀಲು ಬಿಗಿಯಾಗಿರುತ್ತದೆ. ನೆಲದ ಮೇಲೆ ಅದು ಸ್ಪ್ರಿಂಗಿನಂತೆ ಕೆಲಸ ಮಾಡುವುದರಿಂದ ನಮಗೆ ಅದೇ ಬಂಡವಾಳ. ನೀರಿನಲ್ಲಿ ಮಾತ್ರ ಪಾದ ಹಿಂದಕ್ಕೆ ಚಾಚಿಕೊಳ್ಳದೆ ನೆಟ್ಟಗೆ ನಿಂತು ನೀರನ್ನು ತಡೆಯುತ್ತದೆ, ಕೆಲವರನ್ನು ಹಿಂದಕ್ಕೂ ಎಳೆಯುತ್ತದೆ. ಇದಕ್ಕೆ ನನಗೆ ಸಿಕ್ಕ ಔಷಧಿ ವಜ್ರಾಸನ. ಪ್ರತಿದಿನ ನೀರಿಗಿಳಿಯುವ ಮೊದಲು ದಡದ ಮೇಲೆ ಐದು ನಿಮಿಷ ಹಿಮ್ಮಡಿಯ ಮೇಲೆ ಕುಳಿತುಕೊಳ್ಳಬೇಕಿತ್ತು. ಮೊದಲ ವಾರ ಒಂದು ನಿಮಿಷವೂ ಕೂರಲಾಗಲಿಲ್ಲ. ಕಾಲಿನ ಬಡಿತ ಈಗಲೂ ಹೇಳಿಕೊಳ್ಳುವಂತಿಲ್ಲ. ದೂರದ ಈಜಿನಲ್ಲಿ ಮುನ್ನಡೆಸುವ ಕೆಲಸವನ್ನು ಬಹುಪಾಲು ಕೈಗಳೇ ಮಾಡುವುದರಿಂದಲೂ, ಮುಂದೆ ಸೈಕಲ್ಲು ಮತ್ತು ಓಟಕ್ಕೆ ಕಾಲು ಉಳಿಸಿಕೊಳ್ಳಬೇಕಾದ್ದರಿಂದಲೂ ಇಷ್ಟು ಸಾಕೆಂದು ತರಬೇತುದಾರರೇ ಅಲ್ಲಿಗೆ ಬಿಟ್ಟರು.

ನಮ್ಮ ತಂಡದಲ್ಲಿ ಒಂಬತ್ತು ಜನರಿದ್ದೆವು. ಎಲ್ಲರಿಗೂ ಒಂದೇ ಪಾಠ ಹೇಳಿ ಶಿಳ್ಳೆ ಊದುವ ತರಬೇತಿ ಇದಾಗಿರಲಿಲ್ಲ ಎಂಬುದಕ್ಕೆ ನನ್ನ ಪಕ್ಕದವರೇ ಸಾಕ್ಷಿ. ಜೀನ್ಸ್ ಹೊಲಿಗೆಯ ಘಟಕ ನಡೆಸುವ ಅವರು ಹಳ್ಳಿಯ ಬಾವಿಯಲ್ಲಿ ಈಜು ಕಲಿತವರು; ತಲೆಯನ್ನು ಪೂರ್ತಿ ಮೇಲೆತ್ತಿಕೊಂಡು ಎಷ್ಟು ಹೊತ್ತು ಬೇಕಾದರೂ ತೇಲಬಲ್ಲರು, ಆದರೆ ತಲೆ ಮೇಲೆದ್ದಷ್ಟೂ ಸೊಂಟ ಮತ್ತು ಕಾಲು ಕೆಳಗಿಳಿಯುವುದರಿಂದ ಅವರ ವೇಗ ಕುಂಟುತ್ತಿತ್ತು. ಅವರಿಗೆ ಕೊಳದ ತಳದ ಕಪ್ಪು ಗೆರೆಯಿಂದ ಕಣ್ಣು ಕೀಳದೆ ಈಜುವ ಪಾಠ, ನನಗೆ ಗುನುಗುವ ಪಾಠ, ನೀರೆಂದರೆ ನಡುಗುತ್ತಿದ್ದ ಬ್ಯಾಂಕಿನ ಉದ್ಯೋಗಿಯೊಬ್ಬರಿಗೆ ಬರೀ ತೇಲುವ ಪಾಠ. ಮೊದಲ ತಿಂಗಳ ಎರಡು ಸಾವಿರ ರೂಪಾಯಿ ಸಂಪೂರ್ಣವಾಗಿ ಸಾರ್ಥಕ ಎಂದು ನಾನು ಹೇಳುವುದು ತರಬೇತುದಾರರೊಬ್ಬರ ಕಣ್ಣಿಗಾಗಿ.

ಈಗ ಕೊಳದ ಬಗ್ಗೆ. ಫಲಕದಲ್ಲಿ ಅದರ ಉದ್ದ 25 ಮೀಟರ್ ಎಂದು ಬರೆದಿದೆ. ಈಜಿನ ಲೆಕ್ಕವಿಡುವ ಕೈಗಡಿಯಾರಗಳು ಕೊಳದಲ್ಲಿ ದೂರವನ್ನು ಉಪಗ್ರಹದಿಂದ ಅಳೆಯುವುದಿಲ್ಲ. ನಾವು ನಮೂದಿಸಿದ ಉದ್ದವನ್ನು, ಕೈಯ ಚಲನೆಯಿಂದ ಗುರುತಿಸಿದ ಸುತ್ತುಗಳಿಂದ ಗುಣಿಸುತ್ತವೆ. ಫಲಕವನ್ನು ನಂಬಿ 30 ಸಲ ಕೊಳ ದಾಟಿದ ದಿನ ನನ್ನ ಗಡಿಯಾರ 750 ಮೀಟರ್ ಎಂದು ತೋರಿಸಿತು, ನಾನೂ ಸಂಭ್ರಮಿಸಿದೆ. ಆದರೆ ಕೈಗಳ ಎಣಿಕೆ ಏಕೋ ಹೊಂದುತ್ತಿರಲಿಲ್ಲ. ಮರುದಿನ ಗಾರೆ ಕೆಲಸದವರಿಂದ ಟೇಪು ಎರವಲು ತಂದು, ಕಾವಲುಗಾರರ ಸಹಾಯದಿಂದ ದಡದುದ್ದಕ್ಕೂ ಹಿಡಿದು ನೋಡಿದರೆ ಸಿಕ್ಕಿದ್ದು 22.8 ಮೀಟರ್. ಅಂದರೆ ನಾನು ಈಜಿದ್ದು 684 ಮೀಟರ್. 750 ಆಗಬೇಕಾದರೆ 33 ಸಲ ದಾಟಬೇಕು. ಮೋಜಿಗೆ ಈಜುವವರಿಗೆ ಎರಡು ಮೀಟರ್ ಯಾವ ಲೆಕ್ಕವೂ ಅಲ್ಲ. ಸ್ಪರ್ಧೆಗೆ ಸಿದ್ಧರಾಗುವವರಿಂದಲೂ ಹಣ ಪಡೆಯುವ ಸಂಸ್ಥೆ ಮಾತ್ರ ಆ ಫಲಕವನ್ನು ತಿದ್ದಬೇಕು. ಕಚೇರಿಯಲ್ಲಿ ಹೇಳಿದೆ, ನಕ್ಕರು. ಫಲಕ ಹಾಗೆಯೇ ಇದೆ.

ನೀರಿನ ಗುಣಮಟ್ಟದ ವಿಷಯದಲ್ಲಿ ನನ್ನ ತಕರಾರು ಇದಕ್ಕಿಂತ ಗಂಭೀರವಾದದ್ದು. ಈಜುಕೊಳದ ನೀರಿನಲ್ಲಿ ಕರಗಿರುವ ಕ್ಲೋರಿನ್ ಪ್ರಮಾಣ ಸಾಮಾನ್ಯವಾಗಿ 1ರಿಂದ 3 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಭಾಗ), ನೀರಿನ ಆಮ್ಲೀಯತೆಯನ್ನು ಸೂಚಿಸುವ ಪಿಎಚ್ 7.2ರಿಂದ 7.8ರ ನಡುವೆ ಇರಬೇಕು. ಇವನ್ನು ಪ್ರತಿದಿನ ಬರೆಯಲೆಂದೇ ಒಳಗೊಂದು ಕಪ್ಪುಹಲಗೆ ಇದೆ. ಮಾರ್ಚ್ ತಿಂಗಳಿನಲ್ಲಿ ಅದರ ಮೇಲಿನ ದಿನಾಂಕ ಬದಲಾಗುತ್ತಿತ್ತು. ಏಪ್ರಿಲ್ ಎರಡನೆಯ ವಾರದಲ್ಲಿ ಶಾಲೆಗಳಿಗೆ ರಜೆ ಬಂದು ಮಕ್ಕಳ ಬೇಸಿಗೆ ಶಿಬಿರ ಆರಂಭವಾದ ಮೇಲೆ ದಿನಾಂಕ ನಿಂತುಹೋಯಿತು, ಮೂಗಿಗೆ ಅಡರುವ ವಾಸನೆ ಹೆಚ್ಚಾಯಿತು. ಆ ವಾಸನೆ ಬಂದರೆ ಔಷಧಿ ಚೆನ್ನಾಗಿ ಹಾಕಿದ್ದಾರೆ ಎಂದು ನಮ್ಮಲ್ಲಿ ಹಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ಕ್ಲೋರಿನ್, ಬೆವರು ಮತ್ತು ಮೂತ್ರದೊಂದಿಗೆ ಸೇರಿ ಹುಟ್ಟುವ ಕ್ಲೋರಮೀನ್‌ಗಳ ವಾಸನೆ. ಕಣ್ಣು ಉರಿಸುವುದೂ ಮುಖ್ಯವಾಗಿ ಅವೇ. ಸ್ನಾನ ಮಾಡಿಯೇ ನೀರಿಗಿಳಿಯಬೇಕು ಎಂಬ ನಿಯಮವನ್ನು ಬೆಳಗಿನ ತಂಡಕ್ಕೆ ಕಟ್ಟುನಿಟ್ಟಾಗಿ ಹೇರುವ ಸಂಸ್ಥೆ ಶಿಬಿರದ ಗುಂಪಿಗೆ ಅದನ್ನು ಸಡಿಲಿಸಿದ್ದು ಸರಿಯಲ್ಲ.

ಶಿಬಿರದಿಂದಾಗಿ ನನ್ನ ಎರಡನೆಯ ತಿಂಗಳು ಅರ್ಧಕ್ಕರ್ಧ ಕೆಟ್ಟಿತು ಎಂದೇ ಹೇಳಬೇಕು. ಆರು ಗಂಟೆಗೆಲ್ಲ ಮಕ್ಕಳು ಬಂದು ಇಳಿಯುತ್ತಿದ್ದರು, ತರಬೇತುದಾರರ ಗಮನ ನ್ಯಾಯವಾಗಿಯೇ ಅವರ ಕಡೆಗೆ ಹೋಗುತ್ತಿತ್ತು, ಸಾಲು ಹಿಡಿದು ನಿಲ್ಲದೆ ಈಜುವುದು ಅಸಾಧ್ಯವಾಗುತ್ತಿತ್ತು. ಹೆಂಗಸರ ತಂಡದ ಪಾಡು ಇನ್ನೂ ಕಷ್ಟ: ಅವರಿಗೆ ಕೊಟ್ಟಿರುವ ಸಮಯ ಮಧ್ಯಾಹ್ನ ನಾಲ್ಕು ಗಂಟೆ. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ, ಮೇಲೆ ನೆರಳಿಲ್ಲದ ಕೊಳದಲ್ಲಿ, ಆ ಹೊತ್ತಿನ ನೀರು ಸ್ನಾನಕ್ಕೆ ಕಾಯಿಸಿದಂತಿರುತ್ತದೆ. ಸ್ಪರ್ಧೆಗಳ ಕೊಳದಲ್ಲಿ ನೀರು 25ರಿಂದ 28 ಡಿಗ್ರಿ ಇರಬೇಕೆಂಬ ನಿಯಮವಿರುವುದು ಸುಮ್ಮನೆ ಅಲ್ಲ. ನನ್ನ ಹೆಂಡತಿ ಒಂದು ದಿನ ನೋಡಿ ಬಂದು, ಸೇರುವ ಯೋಚನೆಯನ್ನೇ ಕೈಬಿಟ್ಟಳು.

ಟ್ರಯಥ್ಲಾನ್‌ಗೆ ಬೇಕಾದ ಒಂದು ಮುಖ್ಯ ಪಾಠ ಇಲ್ಲಿನ ಪಠ್ಯದಲ್ಲಿ ಇಲ್ಲವೇ ಇಲ್ಲ. ಸ್ಪರ್ಧೆ ನಡೆಯುವುದು ಸಾಮಾನ್ಯವಾಗಿ ಕೆರೆಯಲ್ಲೋ ಸಮುದ್ರದಲ್ಲೋ. ಅಲ್ಲಿ ತಳದ ಕಪ್ಪು ಗೆರೆಯಾಗಲಿ, ಹಿಡಿಯಲು ಕಂಬಿಯಾಗಲಿ ಇರುವುದಿಲ್ಲ. ನೀರಿನಿಂದ ಕಣ್ಣನ್ನಷ್ಟೇ ಮೇಲೆತ್ತಿ ತೇಲುಗುರುತನ್ನು ನೋಡಿ, ಅದೇ ಓಘದಲ್ಲಿ ಪಕ್ಕಕ್ಕೆ ಹೊರಳಿ ಉಸಿರು ತೆಗೆದುಕೊಳ್ಳುವುದನ್ನು ಕಲಿಯದಿದ್ದರೆ ದಾರಿ ತಪ್ಪುವುದು ಖಂಡಿತ. ಇದನ್ನು ಕಲಿಯಲು ನಮ್ಮ ಸುತ್ತ ಬೇರೆ ಜಾಗವೂ ಇಲ್ಲ. ಊರ ಪಕ್ಕದ ಎಚ್‌ಎಲ್‌ಸಿ ಕಾಲುವೆಯ (ತುಂಗಭದ್ರಾ ಜಲಾಶಯದ ಮೇಲ್ಮಟ್ಟದ ಕಾಲುವೆ) ಸೆಳೆತ ಮತ್ತು ಜಾರುವ ಇಳಿಜಾರು ಗೊತ್ತಿದ್ದವರು ಅದಕ್ಕೆ ಇಳಿಯುವುದಿಲ್ಲ. ಕಂಪ್ಲಿ ಕಡೆಯ ತುಂಗಭದ್ರೆಯಲ್ಲಿ ಬಂಡೆಗಳ ನಡುವಿನ ಸುಳಿಯ ಜೊತೆಗೆ ಮೊಸಳೆಗಳೂ ಇವೆ. ನಾನು ಕೇಳಿಕೊಂಡ ಮೇಲೆ ತರಬೇತುದಾರರು ಜನ ಕಡಿಮೆಯಿದ್ದ ದಿನಗಳಲ್ಲಿ ಕೊಳದ ಆಚೆ ಬದಿಯಲ್ಲಿ ಒಂದು ಕೆಂಪು ಬಕೆಟ್ ಇಟ್ಟು, ಆರು ಕೈಗೊಮ್ಮೆ ಮೊಸಳೆಯಂತೆ ಕಣ್ಣು ಮೇಲೆತ್ತಿ ಅದನ್ನು ನೋಡುವ ಅಭ್ಯಾಸ ಮಾಡಿಸಿದರು. ಸ್ಪರ್ಧೆಯಲ್ಲಿ ಯಾವ ಬಗೆಯ ಈಜಾದರೂ ನಡೆಯುತ್ತದೆ, ದಣಿದರೆ ಮುಂದಕ್ಕೆ ಚಲಿಸದೆ ಸಹಾಯಕರ ದೋಣಿ ಹಿಡಿದು ಸುಧಾರಿಸಿಕೊಳ್ಳಬಹುದು ಎಂಬ ನಿಯಮಗಳನ್ನು ನಾನೇ ಓದಿ ತಿಳಿದುಕೊಂಡೆ. ಇಷ್ಟು ಗೊತ್ತಾದರೇ ಹೊಸಬರ ಅರ್ಧ ಭಯ ಹೋಗುತ್ತದೆ, ಮೊದಲ ದಿನವೇ ಯಾರಾದರೂ ಹೇಳಬಹುದಿತ್ತು.

ಸಣ್ಣದೊಂದು ಅನುಕೂಲವನ್ನು ಮರೆಯಬಾರದು. ಇಲ್ಲಿ ಸೈಕಲ್ಲನ್ನು ಬಟ್ಟೆ ಬದಲಿಸುವ ಕೋಣೆಯ ಪಕ್ಕದವರೆಗೆ ತರಲು ಬಿಡುತ್ತಾರೆ. ಹಾಗಾಗಿ ಶನಿವಾರಗಳಂದು ನೀರಿನಿಂದ ಎದ್ದವನೇ ಓಡಿ ಬಂದು, ಮೊದಲು ಹೆಲ್ಮೆಟ್ ಧರಿಸಿ ಪಟ್ಟಿ ಬಿಗಿದು, ಆಮೇಲಷ್ಟೇ ಸೈಕಲ್ಲನ್ನು ತೆಗೆದು ಕುರುಗೋಡು ರಸ್ತೆ ಹಿಡಿಯುವ ಅಭ್ಯಾಸ ನನಗೆ ಸಾಧ್ಯವಾಯಿತು. ಪಟ್ಟಿ ಬಿಗಿಯುವ ಮೊದಲು ಸೈಕಲ್ಲನ್ನು ಸ್ಟ್ಯಾಂಡಿನಿಂದ ತೆಗೆದರೆ ಸ್ಪರ್ಧೆಯಲ್ಲಿ ದಂಡ ತೆರಬೇಕಾಗುತ್ತದೆ. ತೊಟ್ಟಿಕ್ಕುವ ಮೈಯಲ್ಲಿ ನನ್ನ ಈ ಧಾವಂತವನ್ನು ಮೊದಲ ಸಲ ಕಂಡ ಕಾವಲುಗಾರರು, "ಯಾರಾದ್ರೂ ಬೆನ್ನು ಹತ್ಯಾರೇನ್ರಿ ಸಾರ್?" ಎಂದು ಗೇಟಿನ ಹೊರಗೆ ಇಣುಕಿ ನೋಡಿದ್ದರು. ಸೈಕಲ್ ಮುಗಿಸಿ ಓಡಲು ಇಳಿದಾಗ ಕಾಲುಗಳು ಮೊದಲ ಒಂದು ಕಿಲೋಮೀಟರ್ ನನ್ನವಲ್ಲವೇನೋ ಎಂಬಂತೆ ಮರಗಟ್ಟಿರುತ್ತವೆ. ಹತ್ತು ವರ್ಷ ಓಡಿದ ಅನುಭವ ಅಲ್ಲಿ ಉಪಯೋಗಕ್ಕೆ ಬರುವುದು ಎರಡನೆಯ ಕಿಲೋಮೀಟರಿನಿಂದ.

ಏಪ್ರಿಲ್ ಕೊನೆಯ ವಾರದ ಒಂದು ಮಂಗಳವಾರ, ಶಿಬಿರಕ್ಕೆ ರಜೆಯಿದ್ದ ಬೆಳಿಗ್ಗೆ, 33 ಸಲ ಕೊಳ ದಾಟಲು ನನಗೆ 23 ನಿಮಿಷ ಹಿಡಿಯಿತು. ಈಜುಗಾರರ ಲೆಕ್ಕದಲ್ಲಿ ಇದು ಆಮೆಯ ವೇಗ. ಅಂದು ಒಗ್ಗರಣೆ-ಮಿರ್ಚಿ ಎರಡು ತಟ್ಟೆ ತಿಂದೆ.

ಐದರಲ್ಲಿ ಅಂಕ ಕೊಡುವುದಾದರೆ ಕಲಿಸುವಿಕೆಗೆ ಐದು, ಕೊಳದ ನಿರ್ವಹಣೆಗೆ ಎರಡು. ಮೇ ತಿಂಗಳಿಗೆ ನಾನು ಹಣ ಕಟ್ಟಲಿಲ್ಲ. ಜೂನ್‌ನಲ್ಲಿ ಶಾಲೆಗಳು ಆರಂಭವಾಗಿ ಕೊಳ ಖಾಲಿಯಾದ ಮೇಲೆ ಮತ್ತೆ ಸೇರುತ್ತೇನೆ ಎಂದು ತರಬೇತುದಾರರಿಗೆ ಹೇಳಿ ಬಂದಿದ್ದೇನೆ. ಹೊಸದಾಗಿ ಸೇರುವವರೂ ಬೇಸಿಗೆ ಬಿಟ್ಟು ಜೂನ್ ನಂತರ ಸೇರುವುದು ಒಳ್ಳೆಯದು. ಹಣ ಕಟ್ಟುವ ಮೊದಲು ಆ ಕಪ್ಪುಹಲಗೆಯ ಮೇಲಿನ ದಿನಾಂಕವನ್ನು ನೋಡಲಿ, ಸಾಧ್ಯವಾದರೆ ಒಂದು ಟೇಪು ತೆಗೆದುಕೊಂಡು ಹೋಗಲಿ.