ಹಿಂದಿನ ಡಿಕ್ಕಿಯಲ್ಲಿ ಫ್ಯೂಯಲ್ ಪಂಪ್ ಕೂರಿಸಬೇಡಿ

ಕಾರ್ಬ್ಯುರೇಟರ್ ಇದ್ದ ಮಾರುತಿ 800ಕ್ಕೆ ಎಸ್ಟೀಮ್‌ನ 1.3 ಲೀಟರ್ ಎಂಪಿಎಫ್‌ಐ (ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಸಿಂಪಡಿಸುವ) ಎಂಜಿನ್ ಹಾಕಿಸಿದ್ದ ಗಾಡಿಯೊಂದು ಚಾರ್ಮಾಡಿ ಘಾಟಿ ಹತ್ತುವಾಗ ನಿಂತುಬಿಟ್ಟಿತು. ಕಾಲು ಟ್ಯಾಂಕ್ ಪೆಟ್ರೋಲ್ ಇತ್ತು. ಡಿಕ್ಕಿಯಲ್ಲಿದ್ದ ಫ್ಯೂಯಲ್ ಪಂಪ್ ಕೀರಲು ಸದ್ದು ಮಾಡುತ್ತಿತ್ತು, ಮುಟ್ಟಿದರೆ ಕೈ ಸುಡುತ್ತಿತ್ತು. ತಣ್ಣಗಾದ ಮೇಲೆ ಸ್ಟಾರ್ಟ್ ಆಯಿತು, ಎರಡು ತಿರುವು ದಾಟುವಷ್ಟರಲ್ಲಿ ಮತ್ತೆ ನಿಂತಿತು. ಡಿಕ್ಕಿ ತೆಗೆದರೆ, ಕ್ಲಿಪ್ ಕಚ್ಚಿದ ಜಾಗದಲ್ಲಿ ಹೋಸ್ ಸೀಳಿ ಪೆಟ್ರೋಲ್ ಜಿನುಗುತ್ತಿತ್ತು. ಬೆಂಕಿ ಹತ್ತಲಿಲ್ಲ, ಅದೇ ಪುಣ್ಯ. ಹೊಸ ಪಂಪ್ ಹಾಕಿದರೂ ಅದೇ ಗತಿಯಾಯಿತು.

ಹೈ ಪ್ರೆಶರ್ ಇನ್‌ಲೈನ್ ಪಂಪ್ (ಟ್ಯಾಂಕಿನ ಹೊರಗೆ, ಪೈಪಿನ ನಡುವೆ ಕೂರುವುದು) ಚೆನ್ನಾಗಿ ತಳ್ಳುತ್ತದೆ, ಎಳೆಯಲು ಅದಕ್ಕೆ ಬರುವುದಿಲ್ಲ. ಈ ಗಾಡಿಯಲ್ಲಿ ಟ್ಯಾಂಕ್ ಕೆಳಗೆ, ಪಂಪ್ ಡಿಕ್ಕಿಯಲ್ಲಿ ಮೇಲೆ. ನಡುವೆ ಕಾರ್ಬ್ಯುರೇಟರ್ ಕಾಲದ ಸಣ್ಣ ಪೈಪು, ಸಾಲದ್ದಕ್ಕೆ ಪಂಪಿಗೂ ಮೊದಲೇ 10 ಮೈಕ್ರಾನಿನ ಪೇಪರ್ ಫಿಲ್ಟರ್. ಹಳೆ ಟ್ಯಾಂಕಿನ ತುಕ್ಕು ಅದರಲ್ಲಿ ಕಟ್ಟಿಕೊಂಡಿತ್ತು. ಎಳೆತ ಹೆಚ್ಚಿದಂತೆ ಒತ್ತಡ ಇಳಿದು ಬಿಸಿ ಪೆಟ್ರೋಲ್ ಪೈಪಿನಲ್ಲೇ ಆವಿಯಾಗುತ್ತದೆ. ಪಂಪನ್ನು ತಣ್ಣಗಿಡುವುದೂ ಪೆಟ್ರೋಲೇ, ನಯವಾಗಿ ತಿರುಗಿಸುವುದೂ ಪೆಟ್ರೋಲೇ. ಆವಿ ಸೇರಿದರೆ ಪಂಪ್ ಸವೆದು ಸಾಯುತ್ತದೆ. ಪಂಪಿಗೆ ಮೊದಲು 100 ಮೈಕ್ರಾನಿನ ಜಾಲರಿ ಸಾಕು, 10 ಮೈಕ್ರಾನಿನದು ಪಂಪ್ ಆದ ಮೇಲೆ.

ಎಲ್ಲಕ್ಕಿಂತ ಒಳ್ಳೆಯದು ಟ್ಯಾಂಕಿನೊಳಗಿನ ಪಂಪ್. 800ರ ಎಂಪಿಎಫ್‌ಐ ಮಾದರಿಯ ಟ್ಯಾಂಕ್ ಪಂಪ್ ಸಮೇತ ಸಿಕ್ಕರೆ ಮೊದಲು ಅಳತೆ ಹೋಲಿಸಿ, ಪಂಪಿನ ಹರಿವನ್ನೂ ಪರೀಕ್ಷಿಸಿ. ಇಲ್ಲವಾದರೆ ಒಂದೆರಡು ಲೀಟರಿನ ಸರ್ಜ್ ಟ್ಯಾಂಕ್, ಅಂದರೆ ಸದಾ ತುಂಬಿರುವ ಸಣ್ಣ ಉಪಟ್ಯಾಂಕ್ ಇಡಿ. ಮುಖ್ಯ ಟ್ಯಾಂಕಿನಿಂದ ಲೋ ಪ್ರೆಶರ್ ಪಂಪ್ ಅದನ್ನು ತುಂಬಬೇಕು. ಅದರ ತಳದಿಂದ ಹೈ ಪ್ರೆಶರ್ ಪಂಪಿಗೆ, ರೈಲಿನ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ರಿಟರ್ನ್ ಮತ್ತೆ ಸರ್ಜ್ ಟ್ಯಾಂಕಿಗೇ, ಮೇಲಿನ ತುದಿಯಿಂದ ಹೆಚ್ಚಾದದ್ದು ಮುಖ್ಯ ಟ್ಯಾಂಕಿಗೆ. ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದರೂ ಆಗ ಎಂಜಿನ್ ತಡವರಿಸುವುದಿಲ್ಲ. ಇವೆಲ್ಲ ಗಾಡಿಯ ಹೊರಗಿರಲಿ: 800ರಲ್ಲಿ ಡಿಕ್ಕಿಗೂ ಸೀಟಿಗೂ ನಡುವೆ ಗೋಡೆಯಿಲ್ಲ, ಆವಿ ನೇರ ಮಕ್ಕಳ ಮೂಗಿಗೆ ಬರುತ್ತದೆ.

ಪಂಪಿನ ಗಾತ್ರದಲ್ಲೂ ಮೋಸ ಹೋಗುತ್ತಾರೆ. 85 ಬಿಎಚ್‌ಪಿ ಎಂಜಿನ್ ಪೂರ್ತಿ ಆಕ್ಸಿಲರೇಟರ್‌ನಲ್ಲಿ ಗಂಟೆಗೆ ಸುಮಾರು 26 ಲೀಟರ್ ಕುಡಿಯುತ್ತದೆ. ಇ20 (ಶೇ 20 ಎಥನಾಲ್ ಬೆರೆತ) ಪೆಟ್ರೋಲಿಗೂ ಸವಕಲಿಗೂ ಸೇರಿಸಿ 3 ಬಾರ್ ಒತ್ತಡದಲ್ಲಿ 40 ಲೀಟರ್ ಧಾರಾಳ. ಈ ಗಾಡಿಗೆ ಹಾಕಿದ್ದು ಗಂಟೆಗೆ 255 ಲೀಟರಿನದು. ಟ್ಯಾಂಕಿನಲ್ಲಿ 25 ಲೀಟರ್ ಇದ್ದರೆ ಆರು ನಿಮಿಷಕ್ಕೊಮ್ಮೆ ಅಷ್ಟೂ ಎಂಜಿನ್ ಸುತ್ತಿ ಬಿಸಿಯಾಗಿ ಮರಳುತ್ತದೆ. ಸಣ್ಣ ರಿಟರ್ನ್ ಪೈಪಿನಲ್ಲಿ ಅದು ಹಿಡಿಸದೆ ರೈಲಿನ ಒತ್ತಡ ಏರುತ್ತದೆ, ಮಿಶ್ರಣ ಕೆಡುತ್ತದೆ. ರೈಲಿನ ಒತ್ತಡವನ್ನು ಹಿಡಿತದಲ್ಲಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಬಿಚ್ಚಿದಾಗ ಐಡಲಿಂಗ್‌ನಲ್ಲಿ ಗೇಜ್ 3 ಬಾರ್ ದಾಟಿ 3.5ರತ್ತ ಹೋದರೆ ಮೊದಲು ಅನುಮಾನಿಸಬೇಕಾದ್ದು ರಿಟರ್ನ್ ಪೈಪನ್ನೇ. ಹೆಸರುವಾಸಿ ಪಂಪುಗಳ ನಕಲು ಮಾರುಕಟ್ಟೆಯಲ್ಲಿ ವಿಪರೀತ. ಅರ್ಧ ಬೆಲೆಗೆ ಕೊಡುತ್ತೇವೆಂದರೆ, ಬಿಲ್ ಇಲ್ಲವೆಂದರೆ ಮುಟ್ಟಲೇಬೇಡಿ.

ಹೋಸ್ ಎಸ್‌ಎಇ ಜೆ30 ಆರ್9 (ಇಂಜೆಕ್ಷನ್ ಒತ್ತಡ ತಡೆಯುವ ದರ್ಜೆ) ಇರಲಿ, ಪೆಟ್ರೋಲಿನಲ್ಲಿ ಮುಳುಗಿರುವ ಕಡೆ ಆರ್10. ಕಾರ್ಬ್ಯುರೇಟರ್ ಗಾಡಿಯ ಹಳೆ ಹೋಸ್ 3 ಬಾರ್‌ಗೆ ಆದದ್ದಲ್ಲ. ಹಲ್ಲು ಕೊರೆದ ಕ್ಲಿಪ್ ರಬ್ಬರನ್ನು ಕತ್ತರಿಸುತ್ತದೆ, ಒಳಮೈ ನುಣುಪಾಗಿರುವ ಇಂಜೆಕ್ಷನ್ ಕ್ಲ್ಯಾಂಪೇ ಬೇಕು.

ಇನ್ನು ವೈರಿಂಗ್. ಇಗ್ನಿಷನ್ ಕೀಗೆ ನೇರ ಜೋಡಿಸಿದ ಪಂಪ್, ಅಪಘಾತದಲ್ಲಿ ಎಂಜಿನ್ ನಿಂತರೂ ಹರಿದ ಹೋಸಿನಿಂದ ಪೆಟ್ರೋಲ್ ಎರಚುತ್ತಲೇ ಇರುತ್ತದೆ. ಇಸಿಯು (ಎಂಜಿನ್ನಿನ ಕಂಪ್ಯೂಟರ್) ನಿಯಂತ್ರಿಸುವ ರಿಲೇ ಮೂಲಕವೇ ಕೊಡಿ, ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿದಾಗ ಪಂಪ್ ಎರಡು ಮೂರು ಸೆಕೆಂಡ್ ಓಡಿ ನಿಲ್ಲಬೇಕು. ನಿಲ್ಲದೆ ಓಡುತ್ತಿದ್ದರೆ ಅದನ್ನು ಸರಿಪಡಿಸದೆ ಗಾಡಿ ರಸ್ತೆಗಿಳಿಸಬೇಡಿ.