"ವೈಕಿಂಗ್ ಬಡಗಿ ಸೆಟ್" ಅಂತ ಮಾರ್ತಿರೋದನ್ನ ತಗೋಳೋ ಮುಂಚೆ ಇದನ್ನ ಓದ್ಬಿಡಿ

ಇಲ್ಲಿ ಜರ್ಮನಿಯಲ್ಲಿರೋ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ ಮತ್ತೆ ಇಬ್ರು ಕೇಳಿದಾರೆ, ಆ ಮಾಸ್ಟರ್‌ಮಿರ್ ಟೂಲ್ ಸೆಟ್ ಆಫರಲ್ಲಿ ಬಂದಿದ್ಯಂತಲ್ಲ, ತಗೋಬಹುದಾ ಅಂತ. ಬೇಡ್ರಪ್ಪ. ನಾನು ತಗೊಂಡು ಅನುಭವಿಸಿದೀನಿ. ದುಡ್ಡು ಹೋಗಿದ್ದು ಹಾಳಾಗ್ಲಿ, ಅದರಲ್ಲಿ ಕೆಲಸ ಮಾಡಕ್ಕೆ ಹೋದ್ರೆ ಕಣ್ಣು ಹೋಗತ್ತೆ, ಅದಕ್ಕೇ ಇಷ್ಟುದ್ದ ಬರೀತಿರೋದು.

ಮಾಸ್ಟರ್‌ಮಿರ್ ಅಂದ್ರೇನು ಅಂತ ಗೊತ್ತಿಲ್ದೇ ಇರೋರಿಗೆ ಹೇಳ್ಬಿಡ್ತೀನಿ. ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದಲ್ಲಿ ಮಾಸ್ಟರ್‌ಮಿರ್ ಅನ್ನೋ ಜೌಗು ನೆಲದ ನೀರು ಬಸಿದು ಹೊಲ ಮಾಡಿದ್ರು, 1936ರಲ್ಲಿ ಹ್ಯೂಗೊ ಕ್ರಾಫ್ಟ್ ಅನ್ನೋ ರೈತ ಅಲ್ಲಿ ಉಳ್ತಿದ್ದಾಗ ನೇಗಿಲಿಗೆ ಏನೋ ಸಿಕ್ಕಾಕೊಳ್ತು, ನೋಡಿದ್ರೆ ಸರಪಳಿ ಸುತ್ತಿದ್ದ ಓಕ್ ಮರದ ಪೆಟ್ಟಿಗೆ, ಅಲ್ಲಿನ ಹಳೇ ವೈಕಿಂಗ್ ಜನರ ಕಾಲದ್ದು, ಸಾವಿರ ವರ್ಷ ಹಳೇದು. ಒಟ್ಟು 200ಕ್ಕಿಂತ ಜಾಸ್ತಿ ಸಾಮಾನು ಸಿಕ್ತು, ಕೊಡಲಿ, ಬಾಚಿ, ಭೈರಿಗೆ, ಗರಗಸ, ಅರ, ಇಕ್ಕಳ, ಸುತ್ತಿಗೆ, ಬಡಗಿದೂ ಇದೆ ಕಮ್ಮಾರಂದೂ ಇದೆ. ಎಲ್ಲಾ ಈಗ ಸ್ಟಾಕ್‌ಹೋಮ್‌ನ ಇತಿಹಾಸ ಮ್ಯೂಸಿಯಂನಲ್ಲಿದೆ. ಇದರ ನಕಲು ಅಂತಾನೇ ಆ ಸೆಟ್ ಮಾರ್ತಿರೋದು. 1983ರಲ್ಲಿ ಗ್ರೆಟಾ ಆರ್ವಿಡ್ಸನ್ ಮತ್ತೆ ಯೋಸ್ಟಾ ಬೆರಿ ಅನ್ನೋರು ಚಿತ್ರ, ವಿವರ ಎಲ್ಲಾ ಹಾಕಿ ಪುಸ್ತಕಾನೇ ಮಾಡಿದಾರೆ. ಅಂದ್ರೆ ಸರಿಯಾಗಿ ನಕಲು ಮಾಡ್ಬೇಕು ಅನ್ನೋನಿಗೆ ಯಾವ ಮಾಹಿತಿಗೂ ಕೊರತೆ ಇಲ್ಲ.

ಇದರ ಹುಚ್ಚು ನಂಗೆ ಹಿಡಿದಿದ್ದು ಇಲ್ಲಿನ ಮೆಸ್‌ಕಿರ್ಕ್ ಅನ್ನೋ ಊರಿನ ಹತ್ರ ಇರೋ ಕಾಂಪುಸ್ ಗಾಲಿಯಲ್ಲಿ. 9ನೇ ಶತಮಾನದ ಒಂದು ಮಠದ ನಕ್ಷೆ ಇಟ್ಕೊಂಡು 2013ರಿಂದ ಆ ಕಾಲದ ಥರಾನೇ ಕೈಯಲ್ಲೇ ಕಟ್ತಿದಾರೆ, ರಜಾ ಹಾಕಿ ವಾಲಂಟಿಯರ್ ಆಗಿ ಹೋಗ್ಬಹುದು. ಅಲ್ಲಿ ಕೊಡಲಿಯಲ್ಲಿ ತೊಲೆ ಕೆತ್ತೋದು ನೋಡಿದ್ಮೇಲೆ ಮನೇಲೂ ಒಂದು ಸೆಟ್ ಇರ್ಲಿ ಅನ್ನಿಸ್ತು. ಆವಾಗ ಕಣ್ಣಿಗೆ ಬಿದ್ದಿದ್ದೇ ಈ ಅಂಗಡಿ. ಹ್ಯಾಂಡ್ ಫೋರ್ಜ್ಡ್, ಫುಲ್ಲಿ ಫಂಕ್ಷನಲ್, ಮ್ಯೂಸಿಯಂ ರೆಪ್ಲಿಕಾ, ಬರ್ದಿಲ್ದೇ ಇರೋ ಮಾತೇ ಇಲ್ಲ. ಯೂರೋಪಿನ ಹೊರಗಿಂದ ಬರ್ತಿತ್ತು, ಕಸ್ಟಮ್ಸಲ್ಲಿ 19 ಪರ್ಸೆಂಟ್ ವ್ಯಾಟ್ ಬೇರೆ ಕಟ್ಕೊಂಡೆ.

ಬಾಕ್ಸ್ ಓಪನ್ ಮಾಡಿದ್ರೆ ನೋಡಕ್ಕೇನೋ ಭರ್ಜರಿಯಾಗಿತ್ತು. ಕಪ್ಪಗೆ, ಮೈತುಂಬ ಸುತ್ತಿಗೆ ಏಟಿನ ಗುಳಿ. ಆಮೇಲೆ ಸ್ವಲ್ಪ ಹತ್ತಿರದಿಂದ ನೋಡಿದ್ರೆ ಕೊಡಲಿಯ ಎಡ ಮೈಯಲ್ಲಿ ಇರೋ ಗುಳಿಗಳೇ ಬಾಚಿ ಮೇಲೂ ಅದೇ ಸಾಲಲ್ಲಿ ಇವೆ, ಅಂದ್ರೆ ಅದು ಏಟಲ್ಲ, ಅಚ್ಚಲ್ಲಿ ಒತ್ತಿರೋ ಡಿಸೈನ್. ಬಟ್ಟೆಗೆ ಥಿನ್ನರ್ ಹಾಕಿ ಉಜ್ಜಿದೆ, ಕಪ್ಪು ಬಣ್ಣ ಎಲ್ಲಾ ಬಟ್ಟೆಗೆ ಬಂತು, ಕೆಳಗೆ ಬಾಯಿ ಭಾಗ ಮೈಗೆ ಸೇರೋ ಜಾಗದಲ್ಲಿ ಉಬ್ಬಿಕೊಂಡಿರೋ ಒಂದು ಗೀಟು, ಪಕ್ಕದಲ್ಲಿ ಸಾಸಿವೆಯಷ್ಟು ಸಣ್ಣ ಸಣ್ಣ ಲೋಹದ ಹನಿಗಳು ಅಂಟ್ಕೊಂಡಿವೆ. ಗೇಟು ಗ್ರಿಲ್ ಮಾಡೋ ಅಂಗಡೀಲಿ ಹಾಕೋ ವೆಲ್ಡಿಂಗೇ ಅದು, ಬೇರೆ ಏನಲ್ಲ.

ಇದ್ಯಾಕೆ ಮುಖ್ಯ ಅಂದ್ರೆ, ಆ ಕಾಲದಲ್ಲಿ ಉಕ್ಕು ದುಬಾರಿ. ಕೊಡಲಿ ಮೈಯೆಲ್ಲ ಮೆತ್ತನೆ ಕಬ್ಬಿಣ, ಬಾಯಿಗೆ ಮಾತ್ರ ಒಂದು ಪಟ್ಟಿ ಉಕ್ಕು, ಎರಡನ್ನೂ ಕುಲುಮೇಲಿ ಬಿಳಿ ಕೆಂಡ ಆಗೋವರೆಗೆ ಕಾಯಿಸಿ ಬಡಿದೇ ಬೆಸೀತಿದ್ರು. ನಮ್ ಕಡೆ ಹಳ್ಳಿ ಕಮ್ಮಾರರು ಕೊಡಲಿ ಬಾಯಿಗೆ ಉಕ್ಕು ಕೂರಿಸ್ತಿದ್ದಿದ್ದೂ ಇದೇ ಲೆಕ್ಕ. ಆಮೇಲೆ ಬಾಯಿಗೆ ಹದ ಕೊಡೋದು, ಕಾಯಿಸಿ ಅದ್ದಿ ಗಟ್ಟಿ ಮಾಡಿ, ಮತ್ತೆ ಸಣ್ಣಗೆ ಕಾಯಿಸಿ ಆ ಗಡಸುತನ ಸ್ವಲ್ಪ ಇಳಿಸೋದು. ಈ ಎರಡನೇ ಹಂತ ಬಿಟ್ರೆ ಅಲಗು ಗಾಜಿನ ಥರ ಸಿಡಿಯತ್ತೆ, ಮೊದಲನೇದೂ ಬಿಟ್ರೆ ಮಡಚ್ಕೊಳತ್ತೆ.

ನಂಗೆ ಎರಡೂ ಸಿಕ್ತು! ಕೊಡಲಿ ಮಡಚ್ಕೊಳ್ತು, ಬಾಚಿ ಸಿಡೀತು.

ಕೊಡಲಿ ವಿಷಯ ಬೇಗ ಹೇಳ್ಬಿಡ್ತೀನಿ, ಹಸಿ ಓಕ್ ದಿಮ್ಮಿಯ ಗಂಟಿನ ಮೇಲೆ ಬಿತ್ತು, ಬಾಯಿ ಒಂದು ಕಡೆಗೆ ತಿರುಚ್ಕೊಂಡು ಹೋಯ್ತು, ಹೊಸ ಅರ ಹಾಕಿದ್ರೆ ಮೊಳೆ ಮೇಲೆ ಹಾಕ್ದಂಗೆ ಸಲೀಸಾಗಿ ಕಚ್ಚತ್ತೆ, ಅಷ್ಟು ಮೆತ್ತಗೆ. ಬಾಚಿ ಮಾತ್ರ ಭಯ ಹುಟ್ಟಿಸ್ಬಿಡ್ತು. ಫ್ರೆಂಡ್ ಒಬ್ರು ಅದರಲ್ಲಿ ಹಲಗೆ ಕೆತ್ತುತಾ ಇದ್ರು, ಠಣ್ ಅಂತ ಸೌಂಡ್ ಬಂತು, ಬಾಯಿಯ ಮೂಲೆಯಿಂದ ಉಗುರಿನಷ್ಟು ಚೂರು ಹಾರಿ ಅವರ ಸೇಫ್ಟಿ ಕನ್ನಡಕಕ್ಕೆ ಬಡೀತು. ಕನ್ನಡಕದ ಮೇಲೆ ಗೀರು ಬಿದ್ದಿದೆ, ಅವರು ಅದನ್ನ ಹಾಗೇ ಇಟ್ಕೊಂಡಿದಾರೆ. ಮಕ್ಕಳು ಅವತ್ತು ಅಲ್ಲೇ ಆಚೆ ಕಡೆ ಆಡ್ತಿದ್ರು.

ಪರಿಚಯದ ಕಮ್ಮಾರರೊಬ್ಬರ ಹತ್ರ ಎಲ್ಲಾನೂ ತಗೊಂಡ್ಹೋದೆ. ಅವರು ಮಾತಾಡ್ದೇ ಗ್ರೈಂಡರ್ ಆನ್ ಮಾಡಿ ಕೊಡಲಿ ಬಾಯಿ ಒತ್ತಿದ್ರು, ಕಿಡಿ ಉದ್ದುದ್ದ ಗೆರೆ ಗೆರೆಯಾಗಿ ಹೋಯ್ತು ಅಷ್ಟೇ. ಪಕ್ಕದಲ್ಲಿದ್ದ ಅವರದೇ ಹಳೇ ಅರ ಒತ್ತಿದ್ರು, ಕಿಡಿ ತುದಿಯಲ್ಲೆಲ್ಲ ಒಡೆದು ದೀಪಾವಳಿ ಹೂಕುಂಡದ ಥರ ಅರಳ್ತು. ಕಾರ್ಬನ್ ಜಾಸ್ತಿ ಇದ್ರೆ ಹಾಗೆ ಸಿಡಿಯತ್ತೆ, ಮೈಲ್ಡ್ ಸ್ಟೀಲ್ ಆದ್ರೆ ಬರೀ ಗೆರೆ. ಇದಕ್ಕೆ ನೀವೇ ಹದ ಕೊಡಿ ಸಾರ್ ಅಂದ್ರೆ, ಕಾರ್ಬನ್ನೇ ಇಲ್ದೇ ಇರೋದಕ್ಕೆ ಏನು ಹದ ಕೊಡೋದು, ಬಾಚಿ ಏನು ಲೋಹ ಅಂತಾನೇ ಗೊತ್ತಿಲ್ಲ, ಬೆಂಕಿಗೆ ಹಾಕಲ್ಲ ಅಂದ್ಬಿಟ್ರು. ಯೂಟ್ಯೂಬ್ ನೋಡ್ಕೊಂಡು ಮನೇಲಿ ಕಾಯಿಸಿ ಎಂಜಿನ್ ಆಯಿಲ್‌ಗೆ ಅದ್ದೋ ಪ್ರಯೋಗ ಯಾರೂ ಮಾಡ್ಬೇಡಿ, ಮೇಲೆ ಸತುವಿನ ಲೇಪ ಇದ್ರೆ ಬರೋ ಹೊಗೆ ಕುಡಿದು ಜ್ವರ ಬಂದು ಮಲಗ್ತೀರ.

ಭೈರಿಗೆ ಕಥೆ ಬೇರೆ. ಆಗಿನ ಭೈರಿಗೆಗೆ ಈಗಿನ ಥರ ಸ್ಕ್ರೂ ಇರ್ಲಿಲ್ಲ, ತುದಿ ಚಮಚದ ಹಾಗೆ, ಚಮಚದ ಅಂಚೇ ಅಲಗು, ಎದೆ ಒತ್ತಿ ತಿರುಗಿಸಿದ್ರೆ ಕೊರೀತಾ ಹೋಗತ್ತೆ. ಹಿಡಿಯೊಳಗೆ ಹೋಗೋ ಭಾಗ ಚಪ್ಪಟೆ ಇರತ್ತೆ, ತಿರುಗಿಸುವಾಗ ಹಿಡಿಯಲ್ಲಿ ಜಾರಬಾರ್ದು ಅಂತ. ನಂಗೆ ಬಂದಿದ್ದರಲ್ಲಿ ದುಂಡಗಿನ ಕಂಬಿ, ತುದಿಗೆ ನಟ್ಟು! ಮೊದಲನೇ ತಿರುವಿಗೇ ಹಿಡಿ ಮಾತ್ರ ಗಿರಗಿರ ತಿರುಗ್ತು, ಚಮಚ ಮರದಲ್ಲೇ ನಿಂತಿತ್ತು. ಫೋಟೊ ನೋಡಿ ಮಾಡಿದಾರೆ, ಹಿಡಿಯೊಳಗೆ ಏನಿದೆ ಅಂತ ಫೋಟೊದಲ್ಲಿ ಕಾಣಲ್ವಲ್ಲ.

ಇನ್ನೊಂದು ತಮಾಷೆ, ಬಡಗಿ ಕೊಡಲಿ ಮೇಲೆ ಲೇಸರಲ್ಲಿ ಹಕ್ಕಿ ಬಳ್ಳಿ ಚಿತ್ರ. ಅದು ಡೆನ್ಮಾರ್ಕಿನ ಮಾಮೆನ್ ಅನ್ನೋ ಕಡೆ ಸಿಕ್ಕ ಕೊಡಲಿದು, ಬೆಳ್ಳಿ ಕೂರಿಸಿರೋದು, 970-71ರ ಚಳಿಗಾಲದಲ್ಲಿ ಮಣ್ಣು ಮಾಡಿದ ಯಾರೋ ದೊಡ್ಡ ಮನುಷ್ಯನ ಸಮಾಧಿಯಲ್ಲಿತ್ತು. ದರ್ಬಾರಿನ ಕತ್ತಿ ತಂದು ತೆಂಗಿನಕಾಯಿ ಸುಲಿಯಕ್ಕೆ ಕೊಟ್ಟಂಗಾಯ್ತು.

ರೀಫಂಡ್ ಕೇಳಿದಾಗ ಗೊತ್ತಾಯ್ತು ನಿಜವಾದ ಆಟ. ಆರ್ಡರ್ ಮಾಡುವಾಗ ನಿಮ್ಮ ಹೆಸರಿನ ಅಕ್ಷರ ಫ್ರೀಯಾಗಿ ಕೆತ್ತಿ ಕೊಡ್ತೀವಿ ಅಂತ ಆಪ್ಷನ್ ಬರತ್ತೆ. ಯೂರೋಪಲ್ಲಿ ಆನ್‌ಲೈನ್ ಖರೀದಿಗೆ 14 ದಿನ ವಾಪಸ್ ಕೊಡೋ ಹಕ್ಕಿದೆ, ಆದ್ರೆ ಗಿರಾಕಿಗೋಸ್ಕರಾನೇ ಮಾಡಿದ ಸಾಮಾನಿಗೆ ಆ ಹಕ್ಕಿಲ್ಲ, ಫ್ರೀ ಕೆತ್ತನೆ ಇರೋದೇ ಅದಕ್ಕೆ. ಸಾಮಾನೇ ಡಿಫೆಕ್ಟ್ ಇದ್ರೆ ಹಕ್ಕು ಬೇರೆ, ಎರಡು ವರ್ಷ ಇರತ್ತೆ ಅಂತ ವಾದ ಮಾಡಿದೆ. ಆಗ ಪೇಜಿನ ಕೊನೇಲಿ ಇರುವೆ ಸೈಜಲ್ಲಿ "ಕಲೆಕ್ಟರ್ಸ್ ಡಿಸ್‌ಪ್ಲೇಗೆ ಮಾತ್ರ" ಅಂತಿರೋದನ್ನ ತೋರಿಸಿದ್ರು, ನೀವು ಉಪಯೋಗಿಸಿ ಹಾಳು ಮಾಡಿದೀರ ಅಂದ್ರು. ಮೇಲೆ ಫುಲ್ಲಿ ಫಂಕ್ಷನಲ್, ಕೆಳಗೆ ಡಿಸ್‌ಪ್ಲೇ. ಅವರು ಇರೋ ದೇಶದಲ್ಲಿ ಇಲ್ಲಿನ ಕಾನೂನು ಹಿಡ್ಕೊಂಡು ಯಾರು ಹೋಗ್ತಾರೆ. ಪೇಪಾಲಲ್ಲಿ ಫ್ರೆಂಡ್ಸ್ ಅಂಡ್ ಫ್ಯಾಮಿಲಿ ಅಂತ ಕಳಿಸಿದ್ರೆ ಡಿಸ್ಕೌಂಟ್ ಅಂತಾನೂ ಹೇಳ್ತಾರೆ, ಹಾಗೆ ಕಳಿಸಿದ ದುಡ್ಡಿಗೆ ಯಾವ ಪ್ರೊಟೆಕ್ಷನ್ನೂ ಇಲ್ಲ, ಆ ಮಾತು ಬಂದ ತಕ್ಷಣ ಟ್ಯಾಬ್ ಕ್ಲೋಸ್ ಮಾಡಿ.

ಹಾಗಂತ ರೆಪ್ಲಿಕಾ ಎಲ್ಲಾ ಬೋಗಸ್ ಅಂತಲ್ಲ. 2019ರ ಏಪ್ರಿಲ್ 15ಕ್ಕೆ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚ್ ಸುಟ್ಟಿತಲ್ಲ, ಅದರ ಚಾವಣಿಯ ಓಕ್ ತೊಲೆಗಳನ್ನ ಕೈ ಕೊಡಲಿಯಲ್ಲೇ ಕೆತ್ತಿದ್ರು, ಅದಕ್ಕೇಂತ ಫ್ರಾನ್ಸಿನದೇ ಅಲ್ಸಾಸ್ ಪ್ರಾಂತ್ಯದ ಕಮ್ಮಾರರು ಸುಮಾರು 60 ಕೊಡಲಿ ಮಾಡಿಕೊಟ್ರು, 13ನೇ ಶತಮಾನದ ತೊಲೆ ಮೇಲೆ ಬಿದ್ದಂಥ ಗುರುತೇ ಬೀಳೋ ಹಾಗೆ. ಆ ಥರದವರ ಹತ್ರ ಕೇಳಿದ್ರೆ ಯಾವ ಉಕ್ಕು, ಬಾಯಿಯ ಗಡಸುತನ ರಾಕ್‌ವೆಲ್ ಅನ್ನೋ ಅಳತೆಯಲ್ಲಿ ಎಷ್ಟು (50ರ ಮೇಲೆ, 58ರ ಒಳಗೆ ಇದ್ರೆ ಸರಿ), ಯಾವ ಮ್ಯೂಸಿಯಂನ ಯಾವ ತುಣುಕು ನೋಡಿ ಮಾಡಿದ್ದು, ತೂಕ ಎಷ್ಟು ಅಂತ ಪಟಪಟ ಹೇಳ್ತಾರೆ. ಬಣ್ಣ ಹಚ್ಚೋ ಮುಂಚಿನ ಫೋಟೊ ಕಳಿಸಿ ಅಂದ್ರೂ ಕಳಿಸ್ತಾರೆ. ಬೆಲೆ ಜಾಸ್ತಿ, ತಿಂಗಳುಗಟ್ಟಲೆ ಕಾಯ್ಬೇಕು, ಅದು ನಿಜ. ಸೆಟ್ಟೇ ಬೇಕಾಗಿಲ್ಲ, ಒಂದು ಕೊಡಲಿಯಿಂದ ಶುರು ಮಾಡಿ.

ಹೆಸರು ಹೇಳಿ ಅಂತ ಕೇಳ್ಬೇಡಿ, ಹೇಳಿ ಪ್ರಯೋಜನಾನೂ ಇಲ್ಲ, ಆ ಅಂಗಡಿ ಈಗ ಬೇರೆ ಹೆಸರಲ್ಲಿ, ಬೇರೆ ಲೋಗೋ ಹಾಕ್ಕೊಂಡು ಬಂದಿದೆ. ಫೋಟೊಗಳು ಮಾತ್ರ ಅವೇ. ಸೆಟ್ಟಿನ ಮೇನ್ ಫೋಟೊದಲ್ಲಿ ಬಲಗಡೆ ಇರೋ ಬಾಚಿ ನೋಡಿ, ಅಲಗು ಕೆಲಸ ಮಾಡೋನ ಕಡೆ ತಿರುಗಿರೋ ಬದಲು ಆಚೆಗೆ ತಿರುಗಿದೆ, ಕಾವನ್ನ ಉಲ್ಟಾ ಹಾಕಿದಾರೆ. ಅದು ಕಂಡ್ರೆ ಅದೇ ಪಾರ್ಟಿ.