ಮುರುಗಲ ತುಪ್ಪ: ನಾಲ್ಕು ಮಳೆಗಾಲ ಬಳಸಿದ ಮೇಲೆ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮುರುಗಲ ತುಪ್ಪ, ಅಂದರೆ ಮುರುಗಲ ಹಣ್ಣಿನ ಬೀಜದ ಜಿಡ್ಡು, ಹೊಸದೇನಲ್ಲ. ಮದುವೆಯಾಗಿ ಬಂದ ವರ್ಷ, ಗದ್ದೆ ನೆಟ್ಟಿ ಮುಗಿಸಿ ಬಂದು ಒಡೆದ ಹಿಮ್ಮಡಿ ಹಿಡಿದು ಕೂತಿದ್ದಾಗ ಅತ್ತೆ ನಾಗಂದಿಗೆ (ಗೋಡೆಯ ಹಲಗೆ) ಮೇಲಿಂದ ಒಂದು ಬಿಳಿ ಉಂಡೆ ತೆಗೆದುಕೊಟ್ಟರು. “ಕಾಲು ಒಣಗ್ಸಿಕೊಂಡು ಹಚ್ಚೇ, ಒದ್ದೆ ಮೇಲೆ ತಿಕ್ಕಿದ್ರೆ ಹಿಡಿಯಲ್ಲ.” ಅದನ್ನೇ ಸೋಪಿಗೆ, ತುಟಿಗೆ ಅಂತ ಬಳಸಲು ಶುರು ಮಾಡಿ ಈಗ ನಾಲ್ಕು ಮಳೆಗಾಲ ಆಯಿತು.

ಕರಾವಳಿಯವರ ಪುನರ್ಪುಳಿಯೇ (ಕೋಕಂ) ನಮ್ಮ ಮುರುಗಲು. ಸಿಪ್ಪೆ ಸಾರಿಗೆ, ಶರಬತ್ತಿಗೆ ಹೋಗುತ್ತದೆ, ಬೀಜ ತುಪ್ಪಕ್ಕೆ. ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ತಣಿದ ಮೇಲೆ ಎತ್ತಿ ಕೈಯಲ್ಲೇ ಉಂಡೆ ಕಟ್ಟುತ್ತಾರೆ. ತೆಂಗಿನೆಣ್ಣೆಗಿಂತ ದುಬಾರಿ, ಆದರೆ ಆ ಕೆಲಸ ನೋಡಿದವರು ಚೌಕಾಸಿ ಮಾಡುವುದಿಲ್ಲ.

ಹಿಮ್ಮಡಿಗೆ ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಸೌಟಿನಲ್ಲಿ ಚೂರು ಕರಗಿಸಿ, ಉಗುರುಬೆಚ್ಚಗಿದ್ದಾಗ ಬಿರುಕಿನೊಳಗೆ ಬಿಟ್ಟು ಹತ್ತಿ ಸಾಕ್ಸ್ ಹಾಕಿ ಮಲಗಿದರೆ, ನಾಲ್ಕೈದು ರಾತ್ರಿಯಲ್ಲಿ ನೆಲಕ್ಕೆ ಕಾಲೂರುವಾಗಿನ ಚುಚ್ಚು ಹೋಗುತ್ತದೆ. ವ್ಯಾಸಲೀನ್ ಥರ ಜಾರುವುದಿಲ್ಲ, ಹಾಸಿಗೆಗೆ ಅಂಟುವುದಿಲ್ಲ. ಬೆರಳ ಸಂದಿಯ ಕೆಸರುಹುಣ್ಣಿಗೆ ಮಾತ್ರ ಇದು ಔಷಧಿಯಲ್ಲ. ನನಗೆ ಒಮ್ಮೆ ಆಗಿತ್ತು, ಇದನ್ನು ಹಚ್ಚಿ ಕಡಿಮೆಯಾಗಲಿಲ್ಲ, ಕೊನೆಗೆ ಡಾಕ್ಟರ ಮುಲಾಮಿನಿಂದಲೇ ವಾಸಿಯಾಯಿತು.

ಸೋಪಿನ ವಿಷಯದಲ್ಲಿ ನಾನು ಕಲಿತದ್ದು ಹೆಚ್ಚು, ಕಳಕೊಂಡದ್ದೂ ಸ್ವಲ್ಪ. ಮೊದಲ ಸಲ ಮಾಡಿದ್ದು ಜೂನ್ ತಿಂಗಳಲ್ಲಿ, ಹೊರಗೆ ಜಡಿಮಳೆ. ತುಪ್ಪ ಕರಗಿಸಿ ಎಣ್ಣೆಗೆ ಬೆರೆಸಿದೆ, ಕಾಸ್ಟಿಕ್ ನೀರು (ಕಾಸ್ಟಿಕ್ ಸೋಡಾ ಕರಗಿಸಿದ ನೀರು) ಪೂರ್ತಿ ತಣಿಯಲಿ ಅಂತ ಕಾದೆ. ಎರಡನ್ನೂ ಸೇರಿಸಿ ಬ್ಲೆಂಡರ್ ಹಾಕಿದ ಕೂಡಲೇ ದೋಸೆಹಿಟ್ಟಿನ ಹದ ಬಂತು. ಖುಷಿಯಿಂದ ಅಚ್ಚಿಗೆ ಸುರಿದೆ. ಮಾರನೇ ದಿನ ಬಿಚ್ಚಿದರೆ ಮೇಲೆ ಎಣ್ಣೆ, ಕೊಯ್ದ ಕಡೆ ಸಣ್ಣ ಸಣ್ಣ ಗುಳಿಗಳಲ್ಲಿ ಕಾಸ್ಟಿಕ್ ನೀರು. ಆಗಿದ್ದಿಷ್ಟು: ಮುರುಗಲ ತುಪ್ಪ ಕರಗುವುದು ಸುಮಾರು 40 ಡಿಗ್ರಿಯಲ್ಲಿ, ಅದಕ್ಕಿಂತ ತಣ್ಣಗಾದರೆ ತಾನೇ ಹೆಪ್ಪುಗಟ್ಟುತ್ತದೆ. ನಾನು ಸೋಪಿನ ಹದ ಅಂದುಕೊಂಡದ್ದು ಬರೀ ತುಪ್ಪ ಗಟ್ಟಿಯಾದದ್ದು. ಅಷ್ಟನ್ನೂ ಎಸೆಯಬೇಕಾಯಿತು. ಈಗ ಎರಡನ್ನೂ 45 ಡಿಗ್ರಿ ಆಸುಪಾಸಿನಲ್ಲಿ ಸೇರಿಸುತ್ತೇನೆ, ಆಮೇಲೆ ಆ ತೊಂದರೆ ಬಂದಿಲ್ಲ.

ನನ್ನ ಲೆಕ್ಕ ಹೀಗಿದೆ: ತೆಂಗಿನೆಣ್ಣೆ 350 ಗ್ರಾಂ, ಮುರುಗಲ ತುಪ್ಪ 100, ಹರಳೆಣ್ಣೆ 50, ಕಾಸ್ಟಿಕ್ ಸೋಡಾ 77, ನೀರು 165. ಶೇಕಡ 8ರಷ್ಟು ಎಣ್ಣೆ ಸೋಪಾಗದೆ ಉಳಿಯುವಂತೆ ಹಿಡಿದಿದ್ದೇನೆ, ತೆಂಗಿನೆಣ್ಣೆ ಜಾಸ್ತಿಯಾದರೆ ಚರ್ಮ ಒಣಗುತ್ತದಲ್ಲ, ಅದಕ್ಕೆ. ಎಣ್ಣೆ ಬದಲಿಸಿದರೆ ಕಾಸ್ಟಿಕ್ ಲೆಕ್ಕವೂ ಬದಲಾಗುತ್ತದೆ, ಹಾಗಾಗಿ ಗ್ರಾಂ ತೋರಿಸುವ ತಕ್ಕಡಿ ಇಲ್ಲದೆ ಕೈ ಹಾಕಬೇಡಿ. ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕು, ನೀರನ್ನು ಕಾಸ್ಟಿಕ್ಕಿಗೆ ಸುರಿಯಲೇಬಾರದು, ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಮಕ್ಕಳನ್ನು ಹಿತ್ತಿಲಿಗೆ ಕಳಿಸಿ.

ಮುರುಗಲ ತುಪ್ಪ ಸೇರಿದ ಸೋಪು ಗಟ್ಟಿ, ಬಚ್ಚಲಲ್ಲಿ ಬೇಗ ಕರಗುವುದಿಲ್ಲ. ಮೈ ಬಿಗಿಯುವುದಿಲ್ಲ, ಮುಖಕ್ಕೂ ಆಗುತ್ತದೆ. ಒಂದು ಸಲ ಆಸೆಗೆ ಎರಡು ಪಾಲು ಹಾಕಿದೆ, ನೊರೆ ಕಮ್ಮಿಯಾಯಿತು, ಅಂಚು ಕೊಯ್ಯುವಾಗ ಪುಡಿಪುಡಿ. ಶೇಕಡ 20 ಸಾಕು. ಅಡಿಕೆ ಸುಲಿದ ಕೈಯ ಚೊಗರು ಕಲೆ ಇದರಿಂದ ಹೋಗುತ್ತದೆಯೇ ಅಂತ ತುಂಬಾ ಜನ ಕೇಳಿದ್ದಾರೆ. ಹೋಗುವುದಿಲ್ಲ, ಅದಕ್ಕೆ ಹುಳಿಯೇ ಬೇಕು.

ನಮ್ಮ ಊರಿನ ತೇವದಲ್ಲಿ ಸೋಪು ಮಾಗಿಸುವುದೇ ದೊಡ್ಡ ಕೆಲಸ. ಸೋಪಿನೊಳಗಿನ ಗ್ಲಿಸರಿನ್ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ, ಜುಲೈಯಲ್ಲಿ ಬಿಲ್ಲೆ ಮೇಲೆ ಬೆವರಿನಂತೆ ಹನಿ ನಿಲ್ಲುತ್ತದೆ. ಒಲೆ ಮೇಲಿನ ಅಟ್ಟದಲ್ಲಿಟ್ಟು ನೋಡಿದೆ, ಒಣಗಿತು, ಹೊಗೆ ವಾಸನೆಯೂ ಹಿಡಿಯಿತು. ಈಗ ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ವರ್ಷದ್ದೆಲ್ಲ ಮಾಡಿ, ಆರು ವಾರ ಬಿದಿರು ತಟ್ಟೆಯ ಮೇಲೆ ಮಾಗಿಸಿ, ಕಾಗದ ಸುತ್ತಿ ಡಬ್ಬಿಗೆ ಹಾಕುತ್ತೇನೆ.

ತುಟಿಗೆ ಜೇನುಮೇಣ 10 ಗ್ರಾಂ, ಮುರುಗಲ ತುಪ್ಪ 10, ತೆಂಗಿನೆಣ್ಣೆ 30 ಸೇರಿಸಿ ಕರಗಿಸಿದರೆ ಚಳಿಗಾಲಕ್ಕೆ ಮನೆಯವರಿಗೆಲ್ಲ ಆಗುತ್ತದೆ. ಬೇಗ ತಣಿಸಬೇಕು, ನಿಧಾನಕ್ಕೆ ಆರಿದರೆ ರವೆರವೆಯಾಗುತ್ತದೆ.

ಕೊಳ್ಳುವಾಗ ನೋಡಿಕೊಳ್ಳಿ. ಪೇಟೆಯ ಒಂದು ಅಂಗಡಿಯಿಂದ ತಂದ ಉಂಡೆ ಬೆರಳಿಟ್ಟಲ್ಲೇ ತಗ್ಗಾಯಿತು, ಡಾಲ್ಡಾ ವಾಸನೆ ಬಂತು. ಒಳ್ಳೆಯದು ಮೇಣದಂತೆ ಗಟ್ಟಿ, ಮುರಿದರೆ ಟಕ್ ಅನ್ನುತ್ತದೆ, ವಾಸನೆ ಇಲ್ಲವೆನ್ನುವಷ್ಟು ಕಮ್ಮಿ. ಸಾಧ್ಯವಾದರೆ ಮಾಡುವ ಮನೆಯಿಂದಲೇ ತನ್ನಿ.

ಈ ವರ್ಷ ಪಕ್ಕದ ಮನೆಯವರು ಕೊಟ್ಟ ನಾಲ್ಕು ಉಂಡೆಯಲ್ಲಿ ಮೂರನ್ನು ಡಿಸೆಂಬರ್ ಸೋಪಿಗೆ ಅಂತ ಎತ್ತಿಟ್ಟಿದ್ದೆ. ನೆಟ್ಟಿ ಶುರುವಾಗಿ ವಾರವಾಯಿತು, ಅತ್ತೆ ಆಗಲೇ ಒಂದನ್ನು ನಾಗಂದಿಗೆ ಮೇಲಿಟ್ಟುಕೊಂಡಿದ್ದಾರೆ.